ನೌಕಾಪಥದ ಹೂಳು ಮತ್ತು ಮೊದಲ ವರದಿ: ಜಲಮಾರ್ಗ ಕಾಮಗಾರಿಯ ಪರಿಸರ ಮೌಲ್ಯಮಾಪನದಲ್ಲಿ ನನ್ನ ಅನುಭವ

ಕೇಂದ್ರ ಪರಿಸರ ಸಚಿವಾಲಯ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಅನುಸೂಚಿಯಲ್ಲಿ 7(ಇ) ಎಂಬ ನಮೂದು ಬಂದರುಗಳಿಗೆ ಸಂಬಂಧಿಸಿದ್ದು. 2009ರ ಡಿಸೆಂಬರ್‌ನ ತಿದ್ದುಪಡಿಯಿಂದ ಅಲೆತಡೆಗೋಡೆ ಮತ್ತು ಹೂಳೆತ್ತುವ ಕೆಲಸಗಳೂ ಅದರೊಳಗೆ ಬಂದವು. ಜೊತೆಗೆ ಒಂದು ಚಿಕ್ಕ ಟಿಪ್ಪಣಿಯೂ ಸೇರಿತು. ಬಂದರಿನ ಒಳಗೆ, ಹೊರಗೆ ಮತ್ತು ನೌಕಾಪಥದಲ್ಲಿ ಹೊಸದಾಗಿ ಆಳ ಮಾಡುವ ಕೆಲಸಕ್ಕೆ ಪೂರ್ವಾನುಮತಿ ಬೇಕು. ಆ ಆಳವನ್ನು ಉಳಿಸಿಕೊಳ್ಳಲು ಮುಂದೆ ಮಾಡುವ ನಿರ್ವಹಣಾ ಹೂಳೆತ್ತುವಿಕೆಗೆ ವಿನಾಯಿತಿ ಇದೆ, ಆದರೆ ಅದು ಮೂಲ ಪ್ರಸ್ತಾವದ ಭಾಗವಾಗಿದ್ದು, ಅದಕ್ಕೂ ಸೇರಿಸಿ ಪರಿಸರ ನಿರ್ವಹಣಾ ಯೋಜನೆ ಸಿದ್ಧವಾಗಿ ಅನುಮತಿ ದೊರೆತಿರಬೇಕು ಎಂಬುದು ಅದರ ತಾತ್ಪರ್ಯ. ಜಲಮಾರ್ಗ ಕಾಮಗಾರಿಗಳ ಪರಿಸರ ವರದಿ ತಯಾರಿಸುವ ಕೆಲಸದಲ್ಲಿ ನಾನು ಕಲಿತದ್ದರ ಬಹುಪಾಲು ಈ ಟಿಪ್ಪಣಿಯ ಸುತ್ತಲೇ ಇದೆ. ಒಮ್ಮೆ ತೋಡಿದ ನೌಕಾಪಥವನ್ನು ನದಿ ಪ್ರತಿ ಮಳೆಗಾಲದಲ್ಲಿ ಮತ್ತೆ ತುಂಬುತ್ತದೆ, ಮನುಷ್ಯ ಮತ್ತೆ ತೋಡುತ್ತಾನೆ. ಈ ಪುನರಾವರ್ತನೆಯ ಪರಿಣಾಮವನ್ನು ಪರಿಶೀಲಿಸುವ ಏಕೈಕ ಸಂದರ್ಭವೆಂದರೆ ಮೊದಲ ವರದಿ. ಅಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ನೌಕಾಪಥ ಬಳಕೆಯಲ್ಲಿರುವ ಅಷ್ಟೂ ವರ್ಷ ಯಾರೂ ಕಾನೂನಿನ ಬಲದಿಂದ ಮತ್ತೆ ಕೇಳುವಂತಿಲ್ಲ.

ನಾನು ಇಲ್ಲಿ ವಿವರಿಸುವ ಕೆಲಸ ನಮ್ಮ ಕರಾವಳಿಯ ಒಂದು ಪಶ್ಚಿಮಾಭಿಮುಖ ನದಿಯ ಉಬ್ಬರ-ಇಳಿತದ ಭಾಗಕ್ಕೆ ಸಂಬಂಧಿಸಿದ್ದು. ಅಳಿವೆಯಿಂದ ಒಳನಾಡಿನ ಕಡೆಗೆ ಬಾರ್ಜ್‌ಗಳು ಸಾಗುವಷ್ಟು ಆಳದ ನೌಕಾಪಥ, ದಡದಲ್ಲಿ ಕೆಲವು ಜೆಟ್ಟಿಗಳು, ಸರಕು ಇಳಿಸಲು ಒಂದು ಅಂಗಳ, ಇಷ್ಟು ಪ್ರಸ್ತಾವದಲ್ಲಿತ್ತು. ಜಲಜೀವಿ ಪರಿಸರ ನನ್ನ ವಿಷಯವಾದರೂ ಇಡೀ ವರದಿಯ ಸಂಯೋಜನೆಯೂ ನನ್ನ ಹೊಣೆಯಾಗಿತ್ತು. ಆದ್ದರಿಂದ ಕಾನೂನಿನ ವಿಂಗಡಣೆಯಿಂದ ಹಿಡಿದು ಅನುಮತಿಯ ನಂತರದ ವರದಿಗಳವರೆಗೆ ಎಲ್ಲ ಹಂತಗಳನ್ನೂ ಹತ್ತಿರದಿಂದ ಕಂಡಿದ್ದೇನೆ.

ಯಾವ ನಿಯಮ ಅನ್ವಯಿಸುತ್ತದೆ ಎಂಬುದೇ ಮೊದಲ ಚರ್ಚೆ. 2016ರ ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯವೆಂದು ಘೋಷಿಸಿತು. ನಮ್ಮ ನೇತ್ರಾವತಿ, ಗುರುಪುರ, ಕಾಳಿ, ಶರಾವತಿ ನದಿಗಳ ಕೆಳಭಾಗಗಳೂ ಆ ಪಟ್ಟಿಯಲ್ಲಿವೆ. ಘೋಷಣೆಯಾದ ಮೇಲೆ ಬೇರೆ ಪರಿಸರ ಅನುಮತಿ ಬೇಕಿಲ್ಲ ಎಂಬ ಭಾವನೆ ಎಂಜಿನಿಯರುಗಳಲ್ಲಿ ವ್ಯಾಪಕವಾಗಿದೆ. ಕಾಯ್ದೆ ಹೇಳುವುದು ಸಂಚಾರದ ಮೇಲಿನ ಅಧಿಕಾರ ಯಾರದು ಎಂಬುದನ್ನು ಮಾತ್ರ. ನದಿಯ ತಳವನ್ನು ಅಗೆಯುವುದಕ್ಕೂ ದಡದಲ್ಲಿ ಕಟ್ಟುವುದಕ್ಕೂ ಪರಿಸರ ಕಾನೂನಿನ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ತೊಡಕೆಂದರೆ, 2006ರ ಅನುಸೂಚಿಯಲ್ಲಿ ಒಳನಾಡು ಜಲಮಾರ್ಗ ಎಂಬ ಪ್ರತ್ಯೇಕ ನಮೂದು ಇಲ್ಲ. ಹಾಗಾಗಿ ಕಾಮಗಾರಿಯನ್ನು ಅದರ ಅಂಗಗಳ ಮೂಲಕವೇ ಗುರುತಿಸಬೇಕಾಗುತ್ತದೆ: ಜೆಟ್ಟಿಗಳು ನಿಭಾಯಿಸುವ ಸರಕು ವರ್ಷಕ್ಕೆ 50 ಲಕ್ಷ ಟನ್ ಮುಟ್ಟಿದರೆ ಅಥವಾ ಮೀರಿದರೆ ‘ಎ’ ವರ್ಗ, ಅದು ದೆಹಲಿಯ ತಜ್ಞ ಸಮಿತಿಯ ಮುಂದೆ ಹೋಗುತ್ತದೆ, ಅದಕ್ಕಿಂತ ಕಡಿಮೆಯಾದರೆ ‘ಬಿ’ ವರ್ಗ, ರಾಜ್ಯ ಮಟ್ಟದ ಪ್ರಾಧಿಕಾರದ ಮುಂದೆ. ಆದರೆ ‘ಬಿ’ ವರ್ಗದ ಯೋಜನೆಯೂ ವನ್ಯಜೀವಿ ಕಾಯ್ದೆಯಡಿ ರಕ್ಷಿತವಾದ ಪ್ರದೇಶದಿಂದ ಅಥವಾ ರಾಜ್ಯದ ಗಡಿಯಿಂದ 5 ಕಿ.ಮೀ. ಒಳಗಿದ್ದರೆ ಸಾಮಾನ್ಯ ಷರತ್ತಿನ ಪ್ರಕಾರ ‘ಎ’ ವರ್ಗದ ಪರಿಶೀಲನೆಗೆ ಒಳಪಡುತ್ತದೆ. 2014ಕ್ಕೆ ಮೊದಲು ಈ ಅಂತರ 10 ಕಿ.ಮೀ. ಆಗಿತ್ತು, ಹಳೆಯ ವರದಿಯನ್ನು ಮಾದರಿಯಾಗಿ ಇಟ್ಟುಕೊಂಡವರು ಇಂದಿಗೂ ಆ ಹಳೆಯ ಅಂಕಿಯನ್ನೇ ಬರೆಯುವುದನ್ನು ಕಂಡಿದ್ದೇನೆ.

ನಮ್ಮ ಪ್ರಸ್ತಾವದಲ್ಲಿ ನಿಜವಾದ ವಾದ ನಡೆದದ್ದು ಬೇರೊಂದು ವಿಷಯಕ್ಕೆ. ಈ ನದಿಯಲ್ಲಿ ಹಿಂದೆ ಹಡಗುಗಳು ಓಡಾಡುತ್ತಿದ್ದವು, ಈಗ ಹೂಳು ತುಂಬಿದೆ, ನಾವು ಹಳೆಯ ಆಳವನ್ನು ಮರಳಿ ತರುತ್ತಿದ್ದೇವೆ ಅಷ್ಟೆ, ಆದ್ದರಿಂದ ಇದು ನಿರ್ವಹಣಾ ಹೂಳೆತ್ತುವಿಕೆ ಎಂಬುದು ಪ್ರಸ್ತಾವಕರ ಎಂಜಿನಿಯರುಗಳ ನಿಲುವು. ನಾನು ಇದನ್ನು ಅಭಿಪ್ರಾಯದ ಮೇಲೆ ಬಿಡದೆ ದಾಖಲೆಗಳ ಮೇಲೆ ತೀರ್ಮಾನಿಸಲು ಪ್ರಯತ್ನಿಸಿದೆ. ಬಂದರು ಇಲಾಖೆಯಲ್ಲಿ ಉಳಿದಿದ್ದ ಹಳೆಯ ಆಳಮಾಪನ ನಕ್ಷೆಗಳನ್ನು ತರಿಸಿ, ಅವುಗಳ ಮೂಲರೇಖೆಯನ್ನು, ಅಂದರೆ ಆಳ ಅಳೆಯಲು ಆಧಾರವಾದ ನೀರಿನ ಮಟ್ಟವನ್ನು, ಇಂದಿನ ಮೂಲರೇಖೆಗೆ ಹೊಂದಿಸಿ, ಶಬ್ದದ ಪ್ರತಿಧ್ವನಿಯಿಂದ ಆಳ ಅಳೆಯುವ ಎಕೋ ಸೌಂಡರ್‌ನ ಹೊಸ ಸಮೀಕ್ಷೆಯ ಮೇಲೆ ಇಟ್ಟು ನೋಡಿದೆವು. ಹಳೆಯ ಹಾಯಿಹಡಗುಗಳು ದೊಡ್ಡ ಉಬ್ಬರಕ್ಕಾಗಿ ಕಾದು ಒಳಬರುತ್ತಿದ್ದವೇ ಹೊರತು, ಈಗ ಬೇಕೆಂದು ಕೇಳುತ್ತಿರುವ ಆಳ ಇಳಿತದ ಸಮಯದಲ್ಲಿ ಆ ನದಿಗೆ ಎಂದೂ ಇರಲಿಲ್ಲ ಎಂಬುದು ನಕ್ಷೆಗಳಿಂದ ಸ್ಪಷ್ಟವಾಯಿತು. ಇಲ್ಲದಿದ್ದ ಆಳವನ್ನು ಮರಳಿ ತರುವುದು ಸಾಧ್ಯವಿಲ್ಲ. ಇದು ಹೊಸ ಅಗೆತ ಎಂದು ನಾನು ಬರೆದುಕೊಟ್ಟೆ; ಪ್ರಸ್ತಾವಕರೂ ಕೊನೆಗೆ ಅದನ್ನು ಒಪ್ಪಿದರು, ಏಕೆಂದರೆ ಒಪ್ಪದಿದ್ದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಯಾರಾದರೂ ಅದೇ ನಕ್ಷೆಗಳನ್ನು ಮುಂದಿಡಬಹುದೆಂಬುದು ಅವರಿಗೂ ಕಂಡಿತು.

ಎರಡನೆಯ ವಾದ ಕಾಮಗಾರಿಯನ್ನು ತುಂಡು ಮಾಡುವ ಕುರಿತದ್ದು. ಪ್ರತಿ ಜೆಟ್ಟಿಯನ್ನೂ ಪ್ರತ್ಯೇಕ ಪ್ರಸ್ತಾವವಾಗಿ ಸಲ್ಲಿಸಿದರೆ ಪ್ರತಿಯೊಂದೂ ಚಿಕ್ಕದಾಗಿ ಕಾಣುತ್ತದೆ. ಆದರೆ ಜೆಟ್ಟಿ ಇರುವುದು ನೌಕಾಪಥಕ್ಕಾಗಿ, ನೌಕಾಪಥ ಇರುವುದು ಜೆಟ್ಟಿಗಾಗಿ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಅರ್ಥವಿಲ್ಲದಿರುವಾಗ ಅವುಗಳ ಪರಿಣಾಮವನ್ನು ಬೇರೆ ಬೇರೆ ಅಳೆಯುವುದು ವಿಜ್ಞಾನವೂ ಅಲ್ಲ, ಕಾನೂನಿನ ಆಶಯವೂ ಅಲ್ಲ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿ, ನೌಕಾಪಥದ ಬಳಕೆಯ ಅವಧಿಯಲ್ಲಿ ನಡೆಯಬಹುದಾದ ವಾರ್ಷಿಕ ಹೂಳೆತ್ತುವಿಕೆಯನ್ನೂ ಅದರಲ್ಲಿ ನಮೂದಿಸಿ, ಅಧ್ಯಯನದ ವ್ಯಾಪ್ತಿಯನ್ನು ನಿಗದಿಪಡಿಸುವ ಟಿಒಆರ್‌ಗೆ (ಟರ್ಮ್ಸ್ ಆಫ್ ರೆಫರೆನ್ಸ್) ಅರ್ಜಿ ಹಾಕಿದೆವು. ಬಂದರುಗಳಿಗೆಂದು ಸಚಿವಾಲಯ ರೂಪಿಸಿರುವ ಮಾದರಿ ಟಿಒಆರ್ ಇದೆ; ಅದು ಸಮುದ್ರ ದಡದ ಬಂದರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆದ್ದರಿಂದ ನದಿಗೆ ಬೇಕಾದ ಮೂರು ವಿಷಯಗಳನ್ನು ನಾವೇ ಸೇರಿಸಲು ಕೋರಿದೆವು: ಉಪ್ಪುನೀರಿನ ಒಳನುಗ್ಗುವಿಕೆ, ಮಳೆಗಾಲದ ಹೂಳಿನ ಹೊರೆ, ಮತ್ತು ತೆಗೆದ ಹೂಳನ್ನು ಹಾಕುವ ಜಾಗಗಳ ದೀರ್ಘಕಾಲದ ಲೆಕ್ಕ. ಕೇಳದೇ ಇದ್ದದ್ದನ್ನು ತಾವಾಗಿ ಕೇಳಿಕೊಳ್ಳುವುದು ಏಕೆ ಎಂಬ ಆಕ್ಷೇಪ ಬಂತು. ಸಮಿತಿ ಕೊನೆಯಲ್ಲಿ ಕೇಳಿ ವರದಿ ಹಿಂದಿರುಗಿಸಿದರೆ ಒಂದು ವರ್ಷದ ಋತುಚಕ್ರವೇ ಕೈತಪ್ಪುತ್ತದೆ ಎಂಬುದು ನನ್ನ ಉತ್ತರವಾಗಿತ್ತು.

ಋತುಚಕ್ರದ ಮಾತು ಬಂದಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೂಲಮಾಹಿತಿಯನ್ನು ಮಳೆಗಾಲವನ್ನು ಬಿಟ್ಟು ಒಂದು ಋತುವಿನಲ್ಲಿ ಸಂಗ್ರಹಿಸಿದರೂ ಸಾಕೆಂಬುದು ಸಾಮಾನ್ಯ ಪದ್ಧತಿ. ಕಾರ್ಖಾನೆಯ ಹೊಗೆಯನ್ನು ಅಳೆಯುವಾಗ ಅದಕ್ಕೆ ಕಾರಣವಿದೆ: ಮಳೆ ಗಾಳಿಯನ್ನು ತೊಳೆದುಬಿಡುತ್ತದೆ, ಆದ್ದರಿಂದ ಮಳೆಗಾಲದ ಅಳತೆ ಪರಿಸ್ಥಿತಿಯನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಕರಾವಳಿಯ ನದಿಗೆ ಅದೇ ಪದ್ಧತಿಯನ್ನು ಅನ್ವಯಿಸಿದರೆ ಅಳೆಯಬೇಕಾದದ್ದೇ ಬಿಟ್ಟುಹೋಗುತ್ತದೆ. ನಮ್ಮಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಘಟ್ಟದಿಂದ ಮಣ್ಣು ಇಳಿಯುವುದು, ನದಿ ತನ್ನ ತಳವನ್ನು ಬದಲಿಸಿಕೊಳ್ಳುವುದು, ಅಳಿವೆಯ ಮರಳು ದಿಬ್ಬ ಒಡೆಯುವುದು ಎಲ್ಲವೂ ಆ ನಾಲ್ಕು ತಿಂಗಳಲ್ಲೇ. ಬೇಸಿಗೆಯಲ್ಲಿ ಮಾತ್ರ ಮಾದರಿ ತೆಗೆದವನಿಗೆ ನೀರು ತಿಳಿಯಾಗಿರುತ್ತದೆ, ಹೂಳಿನ ಹೊರೆ ನಗಣ್ಯವೆನಿಸುತ್ತದೆ, ತೋಡಿದ ನೌಕಾಪಥ ಹಾಗೆಯೇ ಉಳಿಯುತ್ತದೆ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನಾವು ಮಳೆಗಾಲದ ನಂತರದ ಋತುವಿನಲ್ಲಿ ಮತ್ತು ಕಡುಬೇಸಿಗೆಯಲ್ಲಿ ಪೂರ್ಣ ಅಳತೆ ಮಾಡಿ, ಮಳೆಗಾಲದಲ್ಲಿ ಪ್ರವಾಹದ ವೇಗ ಮತ್ತು ತೇಲುವ ಹೂಳನ್ನು ಮಾತ್ರ ಸೇತುವೆಯ ಮೇಲಿನಿಂದ ಅಳೆದೆವು. ತುಂಬಿ ಹರಿಯುವ ಹೊಳೆಗೆ ದೋಣಿ ಇಳಿಸುವುದು ಜೀವದ ಪ್ರಶ್ನೆ. ಆ ವಿಷಯದಲ್ಲಿ ಜೊತೆಗಿದ್ದ ದೋಣಿಯವರ ಮಾತೇ ಅಂತಿಮವಾಗಿತ್ತು.

ಪಕ್ಕದ ನದಿಯ ಮಾಹಿತಿಯನ್ನು ಎರವಲು ಪಡೆದರೆ ಸಮಯ ಉಳಿಯುತ್ತದೆ ಎಂಬ ಸಲಹೆಯೂ ಬಂದಿತ್ತು. ಅದು ಏಕೆ ಆಗದೆಂಬುದಕ್ಕೆ ಉತ್ತರ ಕನ್ನಡದಲ್ಲೇ ಉದಾಹರಣೆ ಇದೆ. ಅಘನಾಶಿನಿ ಮತ್ತು ಶರಾವತಿ ಅಕ್ಕಪಕ್ಕದ ನದಿಗಳು, ಒಂದೇ ಘಟ್ಟ, ಒಂದೇ ಮಳೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಬೇಸಿಗೆಯಲ್ಲಿ ಸಿಹಿನೀರು ಕುಗ್ಗಿ ಉಪ್ಪುನೀರು ಒಳಗೆ ಬರುತ್ತದೆ. ಆ ಏರಿಳಿತದಲ್ಲೇ ಅಲ್ಲಿಯ ಬಳಚು ಎಂಬ ಚಿಪ್ಪುಜೀವಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ, ಉಬ್ಬರದ ನೀರು ಬರುವ ಗಜನಿ ಗದ್ದೆಗಳು ಉಳಿದುಬಂದಿವೆ. ಆ ಅಳಿವೆ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿ ರಾಮ್ಸರ್ ತಾಣವೂ ಆಯಿತು. ಶರಾವತಿಯಲ್ಲಿ ಲಿಂಗನಮಕ್ಕಿಯ ನೀರು ವಿದ್ಯುತ್ ಉತ್ಪಾದನೆಯ ನಂತರ ವರ್ಷವಿಡೀ ಹೊರಬರುವುದರಿಂದ ಕೆಳಭಾಗದ ಲವಣಾಂಶ ತಗ್ಗಿ, ಚಿಪ್ಪುಜೀವಿಗಳ ಸಂಪತ್ತೂ ಕುಗ್ಗಿದೆ. ಒಂದರ ಅಂಕಿಗಳನ್ನು ಇನ್ನೊಂದರ ವರದಿಯಲ್ಲಿ ಬರೆದರೆ ಎರಡಕ್ಕೂ ಅನ್ಯಾಯ.

ಲವಣಾಂಶದ ಅಳತೆ ನಮಗೆ ಎರಡು ಕಾರಣಕ್ಕೆ ಬೇಕಿತ್ತು. ಮೊದಲನೆಯದು ಕಾನೂನಿನದು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ನದಿಯೊಳಗೆ ಎಲ್ಲಿಯವರೆಗೆ ಅನ್ವಯಿಸುತ್ತದೆ ಎಂಬುದನ್ನು, ವರ್ಷದ ಅತ್ಯಂತ ಒಣ ಕಾಲದಲ್ಲಿ ಪ್ರತಿ ಸಾವಿರಕ್ಕೆ 5 ಭಾಗ ಲವಣ ಇರುವ ಜಾಗದಿಂದ ನಿರ್ಧರಿಸುತ್ತಾರೆ. ಆ ಗಡಿಯ ಒಳಗಿನ ನೀರು ನಾಲ್ಕನೆಯ ವಲಯಕ್ಕೆ ಸೇರುತ್ತದೆ. 2019ರ ಅಧಿಸೂಚನೆಯ ಪ್ರಕಾರ ಒಂದನೆಯ (ಸೂಕ್ಷ್ಮ ಪರಿಸರದ ಮತ್ತು ಉಬ್ಬರ-ಇಳಿತಗಳ ನಡುವಿನ ಪ್ರದೇಶ) ಮತ್ತು ನಾಲ್ಕನೆಯ ವಲಯದ ಕೆಲಸಗಳಿಗೆ ರಾಜ್ಯದ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಶಿಫಾರಸಿನ ಮೇಲೆ ಕೇಂದ್ರ ಸಚಿವಾಲಯವೇ ಅನುಮತಿ ಕೊಡಬೇಕು. ಭರತದ ಗೆರೆ, ಇಳಿತದ ಗೆರೆಗಳನ್ನು ಮಾನ್ಯತೆ ಪಡೆದ ಸಂಸ್ಥೆಯಿಂದಲೇ ಗುರುತಿಸಿ, 1:4000 ಪ್ರಮಾಣದ ನಕ್ಷೆಯ ಮೇಲೆ ಕಾಮಗಾರಿಯ ಪ್ರತಿಯೊಂದು ಭಾಗವನ್ನೂ ತೋರಿಸಬೇಕು. ಎರಡನೆಯ ಕಾರಣ ಜನರ ಬದುಕಿನದು. ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ತಳದಲ್ಲಿ ನುಸುಳಿ ಮೇಲಕ್ಕೆ ಸಾಗುತ್ತದೆ. ತಳವನ್ನು ಆಳ ಮಾಡಿದಷ್ಟೂ ಅದರ ದಾರಿ ಸುಗಮವಾಗುತ್ತದೆ. ಮೇಲ್ಭಾಗದಲ್ಲಿ ಕುಡಿಯುವ ನೀರನ್ನು ನದಿಯಿಂದ ಎತ್ತುವ ಜಾಕ್‌ವೆಲ್ ಇದ್ದರೆ, ದಡದ ತೋಟಗಳ ಬಾವಿಗಳಿದ್ದರೆ, ಪರಿಣಾಮ ಅಲ್ಲಿಯವರೆಗೂ ಮುಟ್ಟಬಹುದು. ಮಂಗಳೂರು ನಗರ ತುಂಬೆಯ ಕಿಂಡಿ ಅಣೆಕಟ್ಟಿನ ನೀರನ್ನು ನಂಬಿರುವುದನ್ನು ನೆನೆದರೆ ಕರಾವಳಿಯ ನದಿಯಲ್ಲಿ ಈ ಪ್ರಶ್ನೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ.

ಆದ್ದರಿಂದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೂ ಅಷ್ಟಮಿಯ ಸಣ್ಣ ಉಬ್ಬರಕ್ಕೂ ಪ್ರತ್ಯೇಕವಾಗಿ, ಮೇಲ್ಮೈ, ನಡುನೀರು ಮತ್ತು ತಳ ಮೂರೂ ಕಡೆ ಲವಣಾಂಶ ಅಳೆದೆವು. ಮೇಲ್ಮೈಯಲ್ಲಿ ಸಿಹಿಯಾಗಿದ್ದ ನೀರು ತಳದಲ್ಲಿ ಉಪ್ಪಾಗಿರುವುದು ಹಲವು ಕಡೆ ಕಂಡಿತು. ಬಕೆಟ್ ಇಳಿಸಿ ಮೇಲಿನ ನೀರನ್ನಷ್ಟೇ ಎತ್ತಿದ್ದರೆ ಕಾನೂನಿನ ಗಡಿಯೂ ತಪ್ಪಾಗುತ್ತಿತ್ತು, ಬಾವಿಗಳ ಲೆಕ್ಕವೂ ತಪ್ಪಾಗುತ್ತಿತ್ತು.

ನದಿಯ ತಳದ ಮಣ್ಣಿನ ಅಧ್ಯಯನಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ, ಮತ್ತೆ ಅವಕಾಶ ಸಿಕ್ಕಿದರೂ ಹಾಗೆಯೇ ಮಾಡುವೆ. ಮೇಲ್ಪದರದ ಮಾದರಿ ಮಾತ್ರ ತೆಗೆದರೆ ಸಾಲದು. ಹೂಳೆತ್ತುವ ಯಂತ್ರವಾದ ಡ್ರೆಜರ್ ಎಷ್ಟು ಆಳಕ್ಕೆ ಹೋಗುತ್ತದೆಯೋ ಅದಕ್ಕಿಂತ ಸ್ವಲ್ಪ ಕೆಳಗಿನವರೆಗೆ ಕೊಳವೆ ಇಳಿಸಿ ಪದರ ಪದರವಾಗಿ ಮಣ್ಣು ತೆಗೆಯಬೇಕು, ಏಕೆಂದರೆ ಕೆಲಸ ಮುಗಿದ ಮೇಲೆ ನದಿಗೆ ಹೊಸ ತಳವಾಗಿ ಉಳಿಯುವುದು ಆ ಕೆಳಪದರ. ಕಣದ ಗಾತ್ರವೇ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. 0.1 ಮಿ.ಮೀ. ಗಾತ್ರದ ನುಣುಪು ಮರಳಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 8 ಮಿ.ಮೀ. ಇಳಿಯುತ್ತದೆ, ಅಂದರೆ ಮೂರು ಮೀಟರ್ ನೀರಿನಲ್ಲಿ ಕೆಲವೇ ನಿಮಿಷಗಳಲ್ಲಿ ತಳ ಸೇರುತ್ತದೆ. 0.02 ಮಿ.ಮೀ. ಗಾತ್ರದ ರೇವೆಯ ಕಣಕ್ಕೆ ಅದೇ ಆಳ ಇಳಿಯಲು ಎರಡು ಗಂಟೆಗೂ ಹೆಚ್ಚು ಬೇಕು; ಅಷ್ಟರಲ್ಲಿ ಇಳಿತದ ಪ್ರವಾಹ ಅದನ್ನು ಹಲವು ಕಿಲೋಮೀಟರ್ ಒಯ್ಯಬಲ್ಲದು. ಜೇಡಿಯ ಕಣ ಒಂಟಿಯಾಗಿದ್ದರೆ ಇಳಿಯುವುದೇ ಕಷ್ಟ, ಉಪ್ಪುನೀರು ಸೇರಿದಾಗ ಕಣಗಳು ಒಂದಕ್ಕೊಂದು ಅಂಟಿಕೊಂಡು ಕುಳಿತುಕೊಳ್ಳುತ್ತವೆ. ಹೀಗಾಗಿ ಅಳಿವೆಯ ಬಳಿಯ ಮರಳನ್ನು ಎತ್ತುವುದೂ ಒಳಗಿನ ಕೆಸರನ್ನು ಎತ್ತುವುದೂ ಒಂದೇ ಹೆಸರಿನ ಎರಡು ಬೇರೆ ಕೆಲಸಗಳು; ವರದಿಯಲ್ಲಿ ನೌಕಾಪಥವನ್ನು ತಳದ ಮಣ್ಣಿನ ಪ್ರಕಾರ ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗಕ್ಕೂ ಬೇರೆ ವಿಧಾನ ಸೂಚಿಸಿದೆವು.

ಕಾಂಡ್ಲಾ ವನಗಳ ಅಂಚಿನ ಕಪ್ಪು ಕೆಸರಿನ ಬಗ್ಗೆ ವಿಶೇಷ ಎಚ್ಚರ ಬೇಕು. ಅದರಲ್ಲಿ ಗಂಧಕದ ಸಂಯುಕ್ತಗಳಿರುತ್ತವೆ. ನೀರಿನ ಅಡಿಯಲ್ಲಿದ್ದಷ್ಟು ಕಾಲ ಅವು ಯಾರಿಗೂ ತೊಂದರೆ ಕೊಡುವುದಿಲ್ಲ, ದಡದಲ್ಲಿ ರಾಶಿ ಹಾಕಿ ಗಾಳಿ ತಗುಲಿದಾಗ ಆಮ್ಲವಾಗುತ್ತವೆ, ಮಳೆ ಬಂದರೆ ಆ ಆಮ್ಲ ಪಕ್ಕದ ಗದ್ದೆಗೂ ಹೊಳೆಗೂ ಹರಿಯುತ್ತದೆ. ತೆಗೆದ ಕೂಡಲೇ ಪಿಎಚ್ ನೋಡಿ ನಿಶ್ಚಿಂತರಾಗುವುದು ಸಾಮಾನ್ಯ. ನಾವು ಅದೇ ಮಾದರಿಯನ್ನು ವಾರಗಟ್ಟಲೆ ತೇವವಾಗಿ ಗಾಳಿಗೆ ಬಿಟ್ಟು ಮತ್ತೆ ನೋಡಿದೆವು. ಕೆಲವು ಮಾದರಿಗಳಲ್ಲಿ ಪಿಎಚ್ ಸ್ಪಷ್ಟವಾಗಿ ಕುಸಿದಿತ್ತು. ಆ ಭಾಗದ ಕೆಸರನ್ನು ಕೃಷಿಭೂಮಿಯ ಬಳಿ ಹಾಕಬಾರದೆಂದು ಅದರ ಆಧಾರದ ಮೇಲೆಯೇ ಬರೆದೆವು.

ತಳದಲ್ಲಿ ವಾಸಿಸುವ ಹುಳು, ಚಿಪ್ಪು, ಏಡಿಗಳ ಎಣಿಕೆಯನ್ನು ಗ್ರ್ಯಾಬ್ ಉಪಕರಣದಿಂದ ಮಾಡಿದೆವು. ಆದರೆ ಬಳಚಿನ ನೆಲೆಗಳು ಎಲ್ಲಿವೆ ಎಂಬುದನ್ನು ಉಪಕರಣಕ್ಕಿಂತ ಚೆನ್ನಾಗಿ ತೋರಿಸಿದವರು ಇಳಿತದ ಹೊತ್ತಿನಲ್ಲಿ ನೀರಿಗಿಳಿದು ಅದನ್ನು ಆರಿಸುವ ಹೆಂಗಸರು. “ಈ ಗುಡ್ಡೆಯಲ್ಲಿ ಮರಿ ಕೂರುತ್ತದೆ ಸರ್, ಆ ಕಡೆಯದರಲ್ಲಿ ದೊಡ್ಡದು ಸಿಗುತ್ತದೆ, ಇದನ್ನು ತೆಗೆದರೆ ಅದೂ ಹೋಗುತ್ತದೆ” ಎಂದು ಅವರಲ್ಲೊಬ್ಬರು ಹೇಳಿದ್ದನ್ನು ನಾವು ಜಿಪಿಎಸ್‌ನಲ್ಲಿ ಗುರುತಿಸಿಕೊಂಡು ಮಾದರಿ ತೆಗೆದು ನೋಡಿದಾಗ, ಮರಿಗಳ ಸಾಂದ್ರತೆ ನಿಜವಾಗಿಯೂ ಅವರು ತೋರಿದ ಜಾಗದಲ್ಲೇ ಹೆಚ್ಚಾಗಿತ್ತು. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಜೀವಿ. ನೀರಿನಲ್ಲಿ ರೇವೆ ಹೆಚ್ಚಾದರೆ ಅದರ ಕಿವಿರು ಕಟ್ಟುತ್ತದೆ. ಮೂಲ ವಿನ್ಯಾಸದ ನೌಕಾಪಥ ಆ ದಿಬ್ಬದ ಅಂಚನ್ನು ಕತ್ತರಿಸಿ ಹೋಗುತ್ತಿತ್ತು.

ಪರಿಣಾಮದ ಮುನ್ನಂದಾಜಿನಲ್ಲಿ ನೌಕಾಪಥ ಎಷ್ಟು ಬೇಗ ಮತ್ತೆ ತುಂಬುತ್ತದೆ ಎಂಬ ಲೆಕ್ಕವೇ ಕೇಂದ್ರ. ತೋಡಿದ ಭಾಗದಲ್ಲಿ ಅಡ್ಡಕೊಯ್ತ ದೊಡ್ಡದಾಗುವುದರಿಂದ ನೀರಿನ ವೇಗ ತಗ್ಗುತ್ತದೆ. ಮರಳನ್ನು ಸಾಗಿಸುವ ನೀರಿನ ಶಕ್ತಿಯಾದರೋ ವೇಗದ ಮೂರರಿಂದ ಐದನೆಯ ಘಾತದಷ್ಟು ಬದಲಾಗುತ್ತದೆ, ಆದ್ದರಿಂದ ವೇಗ ಸ್ವಲ್ಪ ತಗ್ಗಿದರೂ ಮರಳು ಅಲ್ಲೇ ಬೀಳುತ್ತದೆ. ಮಳೆಗಾಲದಲ್ಲಿ ಅಳೆದ ಹೂಳಿನ ಹೊರೆಯನ್ನು ಲೆಕ್ಕದ ಗಣಿತ ಮಾದರಿಗೆ ಕೊಟ್ಟಾಗ ಕೆಲವು ತಿರುವುಗಳು ಒಂದೇ ಮಳೆಗಾಲದಲ್ಲಿ ಬಹುಮಟ್ಟಿಗೆ ತುಂಬಿಬಿಡುತ್ತವೆ ಎಂದು ಕಂಡಿತು. ಬೇಸಿಗೆಯ ಅಂಕಿ ಮಾತ್ರ ಕೊಟ್ಟಾಗ ಅದೇ ತಿರುವುಗಳು ವರ್ಷಗಟ್ಟಲೆ ತೆರೆದಿರುವಂತೆ ತೋರಿತು. ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಪ್ರಸ್ತಾವಕರ ವೆಚ್ಚದ ಲೆಕ್ಕವೂ ಬದಲಾಯಿತು. ಮೊದಲ ಅಗೆತದ ಮಣ್ಣಿಗೆ ಮಾತ್ರ ಜಾಗ ಗುರುತಿಸಿದ್ದ ಯೋಜನೆಯಲ್ಲಿ, ಪ್ರತಿ ವರ್ಷ ಬರುವ ಹೂಳಿಗೆ ಜಾಗವೇ ಇರಲಿಲ್ಲ. ಆ ಜಾಗ ಕಾಗದದ ಮೇಲೆ ಇಲ್ಲದಿದ್ದರೆ ಹೂಳು ಕೊನೆಗೆ ಹೋಗುವುದು ಹತ್ತಿರದ ತಗ್ಗಿಗೆ, ಗಜನಿಗೆ, ಇಲ್ಲವೇ ಕಾಂಡ್ಲಾದ ಬುಡಕ್ಕೆ. ನಾನು ಈ ವೃತ್ತಿಯಲ್ಲಿ ಕಂಡ ಹಾನಿಯಲ್ಲಿ ಹೆಚ್ಚಿನದು ನೀರಿನಲ್ಲಿ ಡ್ರೆಜರ್ ಮಾಡಿದ್ದಲ್ಲ, ದಡದಲ್ಲಿ ಪೈಪಿನ ತುದಿ ಮಾಡಿದ್ದು.

ತಳವನ್ನು ಕತ್ತರಿಸಿ ನೀರಿನೊಂದಿಗೆ ಹೀರುವ ಕಟರ್ ಸಕ್ಷನ್ ಡ್ರೆಜರ್ ಎತ್ತುವ ಮಿಶ್ರಣದಲ್ಲಿ ಗಟ್ಟಿ ಪದಾರ್ಥ ಗಾತ್ರದ ಲೆಕ್ಕದಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ಉಳಿದದ್ದೆಲ್ಲ ನೀರು, ಅದು ಎಲ್ಲೋ ಮರಳಿ ಹೊಳೆ ಸೇರಲೇಬೇಕು. ಆದ್ದರಿಂದ ಹೂಳು ಹಾಕುವ ಅಂಗಳಕ್ಕೆ ಏರಿ, ಒಳಗೆ ಅಡ್ಡಗೋಡೆಗಳು, ಹೊರಹರಿವಿಗೆ ಎತ್ತರ ಬದಲಿಸಬಹುದಾದ ಹಲಗೆಯ ಕಿಂಡಿ, ಆ ಕಿಂಡಿಯಲ್ಲಿ ಕಲಕುತನದ ಮಾಪನ, ಇಷ್ಟನ್ನು ವಿನ್ಯಾಸದ ಭಾಗವಾಗಿಯೇ ಸೇರಿಸಿದೆವು. ನೀರಿನಲ್ಲಿ ಇಳಿಬಿಡುವ ಹೂಳುತಡೆ ಪರದೆಯನ್ನು ಎಲ್ಲ ವರದಿಗಳೂ ಪರಿಹಾರವೆಂದು ಬರೆಯುತ್ತವೆ. ಪ್ರವಾಹ ಸೆಕೆಂಡಿಗೆ ಅರ್ಧ ಮೀಟರ್ ಮುಟ್ಟುವ ಹೊತ್ತಿಗೆ ಆ ಪರದೆ ಮೇಲೆದ್ದು ತೇಲುತ್ತದೆ, ಅದರ ಅಡಿಯಿಂದ ಹೂಳು ಹರಿದುಹೋಗುತ್ತದೆ. ನಮ್ಮ ನದಿಯ ಇಕ್ಕಟ್ಟಾದ ಭಾಗಗಳಲ್ಲಿ ಇಳಿತದ ವೇಗ ಅದಕ್ಕಿಂತ ಹೆಚ್ಚಿದ್ದುದರಿಂದ ಅಲ್ಲಿ ಪರದೆಯನ್ನು ನಂಬದೆ, ಬಳಚಿನ ನೆಲೆಯ ಕಡೆಗೆ ಪ್ರವಾಹ ಇರುವ ಗಂಟೆಗಳಲ್ಲಿ ಅಗೆತವನ್ನೇ ನಿಲ್ಲಿಸುವ ಷರತ್ತನ್ನು ಸೂಚಿಸಿದೆವು. ಗುತ್ತಿಗೆದಾರರಿಗೆ ಇದು ಕಷ್ಟ. ಯಂತ್ರ ನಿಂತಷ್ಟು ಹೊತ್ತೂ ಬಾಡಿಗೆ ಓಡುತ್ತಿರುತ್ತದೆ. ಅದನ್ನು ಟೆಂಡರಿನ ದಾಖಲೆಯಲ್ಲೇ ಮೊದಲು ಬರೆದರೆ ಆ ನಷ್ಟವನ್ನು ದರದಲ್ಲಿ ಸೇರಿಸಿಕೊಳ್ಳುತ್ತಾರೆ, ನಂತರ ಹೇಳಿದರೆ ಯಾರೂ ಪಾಲಿಸುವುದಿಲ್ಲ.

ಸಾರ್ವಜನಿಕ ಅಹವಾಲು ಸಭೆಯನ್ನು ನಡೆಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ; ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನ ದರ್ಜೆಯವರಲ್ಲದ ಅವರ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಕರಡು ವರದಿ ಜಿಲ್ಲಾಧಿಕಾರಿ ಕಚೇರಿ ಮೊದಲಾದ ಕಡೆ ಓದಲು ಸಿಗಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು, ಸಭೆಯ ಚಿತ್ರೀಕರಣವಾಗಬೇಕು, ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿ ಅದೇ ದಿನ ಸಹಿಯಾಗಬೇಕು. ಇಷ್ಟು ನಿಯಮದ ಮಾತು. ನಾವು ಸಾರಾಂಶದ ಜೊತೆಗೆ ಊರವರು ಕರೆಯುವ ಹೆಸರುಗಳಲ್ಲೇ ಗುಡ್ಡೆ, ಕುದ್ರು (ನದಿಯ ನಡುಗಡ್ಡೆ), ಕಡವು (ದೋಣಿ ದಾಟುವ ಜಾಗ)ಗಳನ್ನು ಗುರುತಿಸಿದ ದೊಡ್ಡ ನಕ್ಷೆಯೊಂದನ್ನು ಸಭೆಗೆ ಮೊದಲೇ ಪಂಚಾಯಿತಿಗಳಲ್ಲಿ ತೂಗುಹಾಕಿದೆವು. ಅದರಿಂದಾಗಿ ಸಭೆಯಲ್ಲಿ ಬಂದ ಮಾತುಗಳು ಬೇಕು-ಬೇಡದ ಘೋಷಣೆಗಳಿಗೆ ಸೀಮಿತವಾಗದೆ ಜಾಗ ಮತ್ತು ಕಾಲದ ಬಗ್ಗೆ ಇದ್ದವು: ಯಾವ ತಿಂಗಳಲ್ಲಿ ಬಲೆ ಎಲ್ಲಿ ಕಟ್ಟುತ್ತಾರೆ, ಬಾರ್ಜ್‌ನ ಅಲೆಗೆ ಯಾವ ದಂಡೆ ಕುಸಿಯುತ್ತದೆ, ಬೇಸಿಗೆಯಲ್ಲಿ ಯಾರ ಬಾವಿ ಮೊದಲು ಉಪ್ಪಾಗುತ್ತದೆ. ಬಾವಿಯ ವಿಷಯದಲ್ಲಿ ನಮ್ಮ ಗಣಿತ ಮಾದರಿಯ ಗಡಿಯಾಚೆಗಿದ್ದ ಒಂದು ಕೇರಿಯ ಹೆಸರು ಬಂದಾಗ, ಅಲ್ಲಿಯ ಬಾವಿಗಳನ್ನೂ ಅಳೆದು ಅಂತಿಮ ವರದಿಗೆ ಸೇರಿಸಿದೆವು. ಬಳಚಿನ ದಿಬ್ಬವನ್ನು ತಪ್ಪಿಸಿ ನೌಕಾಪಥವನ್ನು ಎದುರು ದಂಡೆಯ ಕಡೆಗೆ ಸರಿಸುವ ಬದಲಾವಣೆಯೂ ಸಭೆಯ ನಂತರವೇ ಅಂತಿಮವಾಯಿತು. ಹೊಸ ದಾರಿಯಲ್ಲಿ ತಿರುವು ಹೆಚ್ಚು, ಬಾರ್ಜ್ ನಿಧಾನವಾಗಿ ಹೋಗಬೇಕು. ದಂಡೆ ಕುಸಿತದ ದೂರಿಗೂ ಅದೇ ವೇಗಮಿತಿ ಉತ್ತರವಾದದ್ದರಿಂದ ಎಂಜಿನಿಯರುಗಳು ಹೆಚ್ಚು ವಿರೋಧಿಸಲಿಲ್ಲ.

ಕಾಂಡ್ಲಾ ವನದ ವಿಸ್ತೀರ್ಣ 1000 ಚದರ ಮೀಟರ್ ಮೀರಿದರೆ ಅದರ ಸುತ್ತ 50 ಮೀಟರ್ ಕಾಯ್ದ ಅಂಚು ಬಿಡಬೇಕೆಂಬುದೂ, ಅನಿವಾರ್ಯವಾಗಿ ಕಡಿದರೆ ಕನಿಷ್ಠ ಮೂರು ಪಟ್ಟು ಪ್ರದೇಶದಲ್ಲಿ ಬೆಳೆಸಬೇಕೆಂಬುದೂ ನಿಯಮ. ಮೂರು ಪಟ್ಟು ಗಿಡ ನೆಡುವ ಭರವಸೆಗಿಂತ ಜೆಟ್ಟಿಯ ಜಾಗವನ್ನೇ ಸರಿಸುವುದು ಮೇಲೆಂದು ನಾನು ಪಟ್ಟು ಹಿಡಿದೆ. ನೆಟ್ಟ ಕಾಂಡ್ಲಾ ಉಳಿಯುವುದು ಉಬ್ಬರದ ಮಟ್ಟ, ಕೆಸರಿನ ಗುಣ, ಸಿಹಿನೀರಿನ ಲಭ್ಯತೆ ಮೂರೂ ಹೊಂದಿದ ಕಡೆ ಮಾತ್ರ; ಅಂಥ ಜಾಗಗಳಲ್ಲಿ ಬಹುಪಾಲು ಈಗಾಗಲೇ ಕಾಂಡ್ಲಾ ಇರುತ್ತದೆ. ಅಳಿವೆಯ ಹತ್ತಿರ ಕಂಬ ಬಡಿಯುವ ಕೆಲಸಕ್ಕೆ ಮುನ್ನ ಡಾಲ್ಫಿನ್‌ಗಳು ಹತ್ತಿರದಲ್ಲಿಲ್ಲವೆಂದು ನೋಡಿಕೊಳ್ಳುವುದು, ಬಡಿತವನ್ನು ಮೆಲ್ಲಗೆ ಆರಂಭಿಸುವುದು ಇವನ್ನೂ ಸೇರಿಸಿದೆವು. ನಮ್ಮ ಕರಾವಳಿಯ ಗೂನುಬೆನ್ನಿನ ಡಾಲ್ಫಿನ್‌ಗಳು ಅಳಿವೆಗಳ ಬಾಯಲ್ಲಿ ಮೀನು ಹಿಡಿಯಲು ಬರುತ್ತವೆ, ಅವು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಗಳು.

ತಜ್ಞ ಸಮಿತಿಯ ಮುಂದೆ ಹೆಚ್ಚು ಪ್ರಶ್ನೆಗಳು ಬಂದದ್ದು ಹೂಳಿನ ಅಂಗಳದ ಸಾಮರ್ಥ್ಯದ ಮೇಲೆ ಮತ್ತು ಮಳೆಗಾಲದ ಅಂಕಿಗಳ ಮೇಲೆ. ಅವೆರಡಕ್ಕೂ ನಮ್ಮ ಬಳಿ ಅಳತೆ ಇದ್ದುದರಿಂದ ಉತ್ತರ ಕೊಡುವುದು ಕಷ್ಟವಾಗಲಿಲ್ಲ. ಅನುಮತಿ ಪತ್ರದಲ್ಲಿ ವಾರ್ಷಿಕ ನಿರ್ವಹಣಾ ಹೂಳೆತ್ತುವಿಕೆಯ ಗರಿಷ್ಠ ಪ್ರಮಾಣ, ಅದನ್ನು ಹಾಕುವ ಜಾಗ, ಕೆಲಸ ಮಾಡಬಹುದಾದ ತಿಂಗಳು ಮೂರೂ ನಮೂದಾದವು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಫಲ ಆ ನಮೂದು. ವಿನಾಯಿತಿ ಈಗ ಮಿತಿಯಿಲ್ಲದ್ದಲ್ಲ: ಹೇಳಿದ ಪ್ರಮಾಣ, ಹೇಳಿದ ಜಾಗ, ಹೇಳಿದ ಕಾಲ ಮೀರಿದರೆ ಅದು ಮೂಲ ಪ್ರಸ್ತಾವದ ಭಾಗವಲ್ಲ, ಹೊಸ ಅನುಮತಿ ಬೇಕಾಗುತ್ತದೆ.

ಅನುಮತಿ ಪಡೆದವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು. ಈ ಎರಡು ದಿನಾಂಕಗಳು ನಮ್ಮ ಕರಾವಳಿಗೆ ಚೆನ್ನಾಗಿ ಹೊಂದುತ್ತವೆ, ಒಂದು ಮಳೆಗೆ ಮೊದಲು, ಇನ್ನೊಂದು ಮಳೆಯ ನಂತರ. ಆದ್ದರಿಂದ ಪ್ರತಿ ಪಾಲನಾ ವರದಿಯ ಜೊತೆಗೂ ನೌಕಾಪಥದ ಆಳಮಾಪನ, ಬಳಚಿನ ದಿಬ್ಬದ ಎಣಿಕೆ ಮತ್ತು ಗುರುತಿಸಿದ ಬಾವಿಗಳ ಲವಣಾಂಶವನ್ನು ಲಗತ್ತಿಸುವಂತೆ ನಿರ್ವಹಣಾ ಯೋಜನೆಯಲ್ಲಿ ಬರೆದಿದ್ದೆವು. ಮೊದಲ ಮಳೆಗಾಲದ ನಂತರದ ಆಳಮಾಪನದಲ್ಲಿ ಎರಡು ತಿರುವುಗಳು ನಮ್ಮ ಅಂದಾಜಿಗೆ ಹತ್ತಿರವಾಗಿ ತುಂಬಿದ್ದವು, ಅಳಿವೆಯ ಬಳಿಯ ಭಾಗ ಅಂದಾಜಿಗಿಂತ ಹೆಚ್ಚು ತುಂಬಿತ್ತು. ಅನುಮತಿಯಲ್ಲಿ ಗರಿಷ್ಠ ಪ್ರಮಾಣ ನಮೂದಾಗಿದ್ದುದರಿಂದ ಅಲ್ಲಿ ಹೆಚ್ಚು ಎತ್ತಬೇಕಾದರೆ ಒಳಭಾಗದಲ್ಲಿ ಕಡಿಮೆ ಎತ್ತಬೇಕಾಯಿತು. ಪ್ರಸ್ತಾವಕರು ಆ ವರ್ಷ ಮೇಲ್ಭಾಗದ ಜೆಟ್ಟಿಗೆ ದೊಡ್ಡ ಬಾರ್ಜ್ ಕಳಿಸುವುದನ್ನು ಬಿಟ್ಟು ಸಣ್ಣವನ್ನು ಬಳಸಿದರು, ಮತ್ತು ಅಳಿವೆಯಿಂದ ಬಂದ ಸ್ವಚ್ಛ ಮರಳನ್ನು ಕೆಸರಿನಿಂದ ಪ್ರತ್ಯೇಕವಾಗಿ ಅಂಗಳದ ಸಮುದ್ರದ ಬದಿಯಲ್ಲಿ ಇರಿಸಿದರು.